ನಿಧಾನಪ್ಪನ ಲಾಗ

ಹಸಿದವನು ಸುಳ್ಳು ಹೇಳಿದರೆ ಅದಕ್ಕೊಂದು ಕಾರಣವಿರುತ್ತದೆ. ಹೊಟ್ಟೆ ತುಂಬಿದವನ ಸುಳ್ಳಿಗೆ ಕಾರಣವೇ ಬೇಕಿಲ್ಲ. ನಿಧಾನಪ್ಪ ಆ ಸುಳ್ಳು ಹೇಳಿದ್ದು ಊಟ ಮುಗಿಸಿ, ಕೈ ಒರೆಸಿಕೊಂಡು, ಕುರ್ಚಿಗೆ ಒರಗಿ, ಒಂದು ಸಣ್ಣ ತೇಗು ಬಂದ ಮೇಲೆ.

ನಿಧಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಪ್ರಯಾಣಿಕರು ಇಟ್ಟದ್ದು. ಅವನು ಸಿಟಿ ಬಸ್ಸಿನ ಡ್ರೈವರ್. ರಸ್ತೆಯಲ್ಲಿ ಪಾರಿವಾಳ ಕೂತಿದ್ದರೆ ಅದು ತನ್ನ ಯೋಚನೆ ಮುಗಿಸಿ ಹಾರುವವರೆಗೂ ಕಾಯುವವನು. ಅವನ ಬಸ್ಸನ್ನು ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವೆಂಬುದು ನಿಜ. ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಹೋಗುವವರೂ ಹಿಂದೆ ಹಾಕುತ್ತಿದ್ದರೆಂಬುದು ಮಾತ್ರ ವಿರೋಧಿಗಳ ಅಪಪ್ರಚಾರ. ಏನೇ ಇರಲಿ, ಆ ಬಸ್ಸು ಇಂದಿನವರೆಗೆ ಯಾರಿಗೂ ಯಾವುದಕ್ಕೂ ತಗುಲಿದ್ದಿಲ್ಲ. ಸ್ಟಿಯರಿಂಗ್ ಹಿಂದೆ ಕೂತಾಗ ಅವನ ಮುಖದಲ್ಲಿ ಮೂಡುತ್ತಿದ್ದ ಶಾಂತಿಯನ್ನು ಮನೆಯವರು ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಆ ಸಂಜೆ ಅವನ ಮಗಳು ಒಳಗಿನಿಂದ ಹಾಸಿಗೆ ಎಳೆದು ತಂದು ನಡುಮನೆಯಲ್ಲಿ ಹಾಸಿದಳು. ಶಾಲೆಯಲ್ಲಿ ಹೊಸದಾಗಿ ಜಿಮ್ನಾಸ್ಟಿಕ್ಸ್ ತರಗತಿಗೆ ಸೇರಿದ್ದಳು. ಕುಕ್ಕರಗಾಲಲ್ಲಿ ಕೂತು, ಎರಡು ಕೈ ನೆಲಕ್ಕೂರಿ, ಚೆಂಡಿನಂತೆ ಮುಂದಕ್ಕೆ ಉರುಳಿ, ಕೈ ಮೇಲೆತ್ತಿ ನಿಂತಳು. ಅವಳಮ್ಮ ಚಪ್ಪಾಳೆ ತಟ್ಟಿದಳು. ಅಜ್ಜಿ, ಅಂದರೆ ನಿಧಾನಪ್ಪನ ಅತ್ತೆ, "ಬೆನ್ನು ಮುರ್ಕೊಂಡೀಯೆ" ಎಂದು ಹರಸಿದರು.

ನಿಧಾನಪ್ಪನೂ ಚಪ್ಪಾಳೆ ತಟ್ಟಿ ಸುಮ್ಮನಿರಬಹುದಿತ್ತು.

"ಇದೇನ್ ಮಹಾ! ನಾವು ಚಿಕ್ಕೋರಿದ್ದಾಗ ಬೆಳಗ್ಗೆ ಎದ್ದು ಮುಖ ತೊಳೆಯೋಕೂ ಲಾಗ ಹಾಕ್ಕೊಂಡೇ ಹೋಗ್ತಿದ್ವಿ."

"ಹೌದಾ ಅಪ್ಪ? ಹಾಕಿ ತೋರ್ಸು!"

"ಈಗ ತಾನೆ ಊಟ ಆಗಿದೆ ಕಣೆ."

"ನಾಳೆ?"

"ನಾಳೆ ಡ್ಯೂಟಿ. ಭಾನುವಾರ ನೋಡೋಣ."

ಅತ್ತೆ ಕನ್ನಡಕದ ಮೇಲಿಂದ ಅಳಿಯನ ಹೊಟ್ಟೆಯನ್ನು ಒಮ್ಮೆ, ಹಾಸಿಗೆಯನ್ನು ಒಮ್ಮೆ ನೋಡಿದರು. ಆ ನೋಟ ರಾತ್ರಿಯಿಡೀ ನಿಧಾನಪ್ಪನ ಬೆನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಅಡಿಗೆಮನೆಯಲ್ಲಿದ್ದಾಗ ಅವನು ಕೋಣೆಯ ಬಾಗಿಲು ಹಾಕಿಕೊಂಡು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ಮಗಳು ಮಾಡಿದಂತೆಯೇ ಕೂತ. ಕೈ ಊರಿದ. ಸೊಂಟ ಎತ್ತಿದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಗದ್ದವನ್ನು ಎದೆಗೆ ಒತ್ತಿ ತಲೆಯನ್ನು ಒಳಗೆ ಮಡಚಬೇಕು. ನಿಧಾನಪ್ಪ ಮಡಚಲಿಲ್ಲ. ತಲೆ ಎತ್ತಿ, ಕಣ್ಣು ಅಗಲಿಸಿ, ಎದುರಿನ ಬೀರುವನ್ನೇ ನೋಡುತ್ತ ಮುಂದಕ್ಕೆ ನುಗ್ಗಿದ. ಕೀಲು ಕಳಚಿದ ಬಾಗಿಲು ಬೀಳುವಂತೆ ಅವನ ಇಡೀ ಬೆನ್ನು ಒಂದೇ ಏಟಿಗೆ ನೆಲ ಮುಟ್ಟಿತು.

ಧಡ್!

"ಏನ್ರೀ ಅದು ಸದ್ದು?" ಹೆಂಡತಿ ಓಡಿ ಬಂದಳು.

ಕಂಬಳಿಯನ್ನು ಮಂಚದ ಕೆಳಗೆ ತಳ್ಳುವಷ್ಟು ವೇಳೆ ಸಿಕ್ಕಿತು, ಎದ್ದು ನಿಲ್ಲುವಷ್ಟು ಸಿಗಲಿಲ್ಲ.

"ಬಿದ್ದೆ."

"ಹೇಗೆ ಬಿದ್ರಿ?"

"ಸುಮ್ನೆ ನಿಂತಿದ್ದೆ. ಬಿದ್ದೆ."

ಲಾಗ ಕಲಿಯುತ್ತಿದ್ದೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಿಂದಿನ ಸಂಜೆಯಷ್ಟೇ ಮುಖ ತೊಳೆಯಲು ಲಾಗ ಹಾಕಿಕೊಂಡು ಹೋದವನು ಈಗ ಕಲಿಯುತ್ತಿದ್ದೇನೆ ಎನ್ನುವುದು ಹೇಗೆ? ಕಾರಣವಿಲ್ಲದೆ ಬೀಳುವುದೇ ಮರ್ಯಾದೆಯೆನಿಸಿತು.

ಮರುದಿನವೂ ಮರ್ಯಾದೆಯಿಂದ ಬಿದ್ದ. ಅದರ ಮಾರನೆಯ ದಿನ ಬಾಗಿಲ ಚಿಲಕ ಹಾಕಲು ಮರೆತ. ಅತ್ತೆ ಕಾಫಿ ತಂದವರು ನೋಡಿದಾಗ ಅಳಿಯನ ಕಾಲುಗಳು ಮಂಚದ ಆಚೆಯಿಂದ ಮೇಲೆದ್ದು ಗಾಳಿಯಲ್ಲಿ ನಡುಗುತ್ತಿದ್ದವು. ತಲೆ ಎಲ್ಲೂ ಕಾಣಿಸಲಿಲ್ಲ. ಅವರು ಲೋಟ ಕೈಬಿಟ್ಟು, "ಅಯ್ಯೋ, ಇವ್ರಿಗೆ ಬೀಳೋ ಕಾಯಿಲೆ ಕಣೇ!" ಎಂದು ಕೂಗಿದ್ದು ಮೂರು ಮಹಡಿಗೂ ಕೇಳಿಸಿತು.

ಕೆಳಮನೆಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಇದ್ದರು. ದಿನಾ ಬೆಳಿಗ್ಗೆ ಸೂರಿನಿಂದ ಸುಣ್ಣದ ಚಕ್ಕೆ ತಮ್ಮ ಕಾಫಿಗೇ ಬೀಳುತ್ತಿದ್ದುದರಿಂದ ಜಗಳಕ್ಕೆ ಸಿದ್ಧರಾಗಿ, ಲೋಟವನ್ನು ಸಾಕ್ಷಿಗೆ ಹಿಡಿದುಕೊಂಡೇ ಮೇಲೆ ಬಂದರು.

"ನಿಮ್ಮನೇಲಿ ದಿನಾ ಬೆಳಗ್ಗೆ ಏನಮ್ಮ ಬೀಳೋದು?"

"ನಮ್ಮೆಜಮಾನ್ರು," ಎಂದಳು ಹೆಂಡತಿ, ಕಣ್ಣು ಒರೆಸಿಕೊಂಡು.

ಪೋಸ್ಟ್‌ಮಾಸ್ಟರ್ ಕರಗಿಹೋದರು. ಸುಣ್ಣ ಬಿದ್ದ ಕಾಫಿಯನ್ನು ನಿಂತಲ್ಲೇ ಕುಡಿದು ಮುಗಿಸಿದರು. ಬದುಕಿಡೀ ಬೇರೆಯವರ ಸುದ್ದಿಯನ್ನು ಬಿಡಿಸದೆ ತಲುಪಿಸಿದ ಮನುಷ್ಯ ಅವರು. ನಿವೃತ್ತಿಯ ನಂತರ ಬಿಡಿಸಿ ತಲುಪಿಸುತ್ತಿದ್ದರು. ಸಂಜೆಯ ಹೊತ್ತಿಗೆ ಬೇಕರಿಯವನು, ಇಸ್ತ್ರಿಯವನು, ಔಷಧಿ ಅಂಗಡಿಯವನು ಎಲ್ಲರೂ ನಿಧಾನಪ್ಪನನ್ನು ಕಂಡೊಡನೆ ಎರಡು ಕೈ ಮುಂದೆ ಚಾಚಿ, ಹಿಡಿಯಲು ಸಿದ್ಧರಾಗಿ ನಿಲ್ಲುತ್ತಿದ್ದರು. ತನ್ನ ಬಗ್ಗೆ ಊರಿಗೆ ಇಷ್ಟು ಪ್ರೀತಿಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವರನ್ನೆಲ್ಲ ಅಪ್ಪಿಕೊಂಡು ಮುಂದೆ ಹೋದ.

ಪೋಸ್ಟ್‌ಮಾಸ್ಟರ್ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಅವನದೇ ಬಸ್ಸು ಹತ್ತಿ, ಡ್ರೈವರ್ ಸೀಟಿನ ಬೆನ್ನಿಗೇ ಕೂತರು. ಪಕ್ಕದವರು ಎಲ್ಲಿಗೆ ಎಂದು ಕೇಳಿದರೆ, "ಎಲ್ಲಿಗೂ ಇಲ್ಲ. ಇವ್ರು ಬಿದ್ರೆ ಹಿಡ್ಕೊಳ್ಳೋಕೆ ಬಂದಿದೀನಿ" ಎಂದರು.

"ಯಾರು ಬಿದ್ರೆ?"

"ಡ್ರೈವರು. ದಿನಾ ಬೀಳ್ತಾರೆ, ಪಾಪ. ಹೇಳ್ಕೊಳ್ಳಲ್ಲ."

ಈ ಮಾತು ಸೀಟಿನಿಂದ ಸೀಟಿಗೆ ಹಿಂದಕ್ಕೆ ಹೋಯಿತು. ಹೋಗುತ್ತ ಹೋಗುತ್ತ ದಪ್ಪವಾಯಿತು. ಕೊನೆಯ ಸೀಟು ತಲುಪುವಾಗ ಡ್ರೈವರ್ ಹೋದ ವಾರವೇ ತೀರಿಕೊಂಡಿದ್ದ.

ಮಾರ್ಕೆಟ್ ಸ್ಟಾಪಿನಲ್ಲಿ ನಿಧಾನಪ್ಪ ಬಸ್ಸು ನಿಲ್ಲಿಸಿ, ಕಾಲ ಬಳಿ ಉರುಳಿದ್ದ ನೀರಿನ ಬಾಟಲಿ ತೆಗೆಯಲು ಬಗ್ಗಿದ.

"ಬಿದ್ರು! ಹಿಡೀರಿ!" ಪೋಸ್ಟ್‌ಮಾಸ್ಟರ್ ಹಿಂದಿನಿಂದ ಹಾರಿ ಅವನ ಕಾಲರ್ ಹಿಡಿದು ಎಳೆದರು. ಇನ್ನೊಬ್ಬರು ತೋಳು ಹಿಡಿದರು. ಮತ್ತೊಬ್ಬರು ಅವನದೇ ಬಾಟಲಿಯ ನೀರನ್ನು ಅವನ ಮುಖಕ್ಕೇ ಎರಚಿದರು. "ಬಿಡ್ರೀ!" ಎಂದು ಅವನು ಕೂಗಿದ್ದು ಉಸಿರು ಕಟ್ಟಿದ ಗಂಟಲಿನಿಂದ ಗೊರಗೊರ ಎಂದು ಹೊರಬಂದು, ಅನುಮಾನವಿದ್ದವರಿಗೂ ಖಾತ್ರಿಯಾಯಿತು. ಮುಂದಿನ ಬಾಗಿಲಿಂದ ಹಿಂದಿನವರೂ ಹಿಂದಿನ ಬಾಗಿಲಿಂದ ಮುಂದಿನವರೂ ಇಳಿದರು. ನಿಂತ ಬಸ್ಸಿನಿಂದ ಪ್ರಾಣ ಉಳಿಸಿಕೊಳ್ಳಲು ಜನ ಹಾಗೆ ಹಾರಿದ್ದನ್ನು ಮಾರ್ಕೆಟ್ಟು ಅದೇ ಮೊದಲು ನೋಡಿದ್ದು.

ಮಧ್ಯಾಹ್ನ ಡಿಪೋ ಮ್ಯಾನೇಜರ್ ಕರೆಸಿದರು. ಅವರು ಮಾತಾಡುವಾಗ ಮೇಜಿನ ಮೇಲಿನ ಪೆನ್ನುಗಳನ್ನು ಬಸ್ಸುಗಳಂತೆ ಸಾಲಾಗಿ ನಿಲ್ಲಿಸುವವರು.

"ನಿಮ್ಮನ್ನ ಸ್ಟಿಯರಿಂಗ್ ಹಿಂದೆ ಕೂರ್ಸೋಕೆ ಆಗಲ್ಲ ನಿಧಾನಪ್ಪ. ಜನರ ಜೀವದ ಪ್ರಶ್ನೆ."

ಆಗ ಅವನು ನಿಜ ಹೇಳಿದ.

"ಸಾರ್, ನಾನು ಬೀಳ್ತಾ ಇರ್ಲಿಲ್ಲ. ಲಾಗ ಕಲೀತಾ ಇದ್ದೆ."

ಮ್ಯಾನೇಜರ್ ಒಂದು ಪೆನ್ನನ್ನು ಸಾಲಿನಿಂದ ಹೊರಗೆ ತೆಗೆದರು.

"ಯಾಕೆ?"

ಈ ವಯಸ್ಸಿನಲ್ಲಿ, ಈ ಹೊಟ್ಟೆ ಇಟ್ಟುಕೊಂಡು, ಒಬ್ಬ ಸರ್ಕಾರಿ ಡ್ರೈವರ್ ಯಾಕೆ ಲಾಗ ಕಲಿಯಬೇಕು? ಹಾಗೆ ಕೇಳಿದರೆ ಜಗತ್ತಿನ ಬಹಳ ಕೆಲಸಗಳಿಗೆ ಉತ್ತರವಿಲ್ಲ. ಆದರೆ ಮ್ಯಾನೇಜರಿಗೆ ಹಾಗೆ ಹೇಳಲಾಗುವುದಿಲ್ಲ. ಅವರು ಡಾಕ್ಟರ ಬಳಿ ಕಳಿಸಿದರು.

ಡಿಪೋದ ಡಾಕ್ಟರು ಕಿವಿಗೆ ಟಾರ್ಚು ಬಿಟ್ಟು ನೋಡಿ, ಮೊಣಕಾಲಿಗೆ ಸುತ್ತಿಗೆ ಬಡಿದು, ಎಲ್ಲ ಕೇಳಿಸಿಕೊಂಡು ನಕ್ಕರು.

"ಬೀಳೋರೆಲ್ಲ ಏನಾದ್ರೊಂದು ಹೇಳ್ತಾರೆ. ಹೋದ ತಿಂಗ್ಳು ಬಂದೋನು ಭೂಕಂಪ ಆಯ್ತು ಅಂದ. ನೀವು ಲಾಗ ಅಂತೀರಿ. ಕಾಯಿಲೇನ ಒಪ್ಕೊಂಡ್ರೆ ಅರ್ಧ ವಾಸಿ ಆದ ಹಾಗೆ."

"ನಿಜವಾಗ್ಲೂ ಲಾಗಾನೇ ಸಾರ್."

"ಹಾಗಾದ್ರೆ ಹಾಕಿ."

ನಿಧಾನಪ್ಪ ಡಾಕ್ಟರ ಜಮಖಾನದ ಮೇಲೆ ಕೂತ. ಕೈ ಊರಿದ. ತಲೆ ಎತ್ತಿ ನೇರ ಮುಂದೆ ನೋಡುತ್ತ ನುಗ್ಗಿದ. ಎಡಗಾಲು ತೂಕದ ಯಂತ್ರವನ್ನೂ ಬಲಗಾಲು ಕಣ್ಣು ಪರೀಕ್ಷೆಯ ಹಲಗೆಯನ್ನೂ ಕೆಡವಿದವು. ಅವನು ಬೆನ್ನ ಮೇಲೆ ಮಲಗಿ ಸೂರು ನೋಡುತ್ತಿದ್ದಾಗ ಡಾಕ್ಟರ ಮುಖ ಮೇಲಿನಿಂದ ಬಗ್ಗಿತು.

"ನೋಡಿದ್ರಾ? ಇದಕ್ಕೆ ನಾವು ಬೀಳೋದು ಅಂತೀವಿ."

ಎಬ್ಬಿಸಿ ಕೂರಿಸಿ ನೀರು ಕೊಟ್ಟ ಮೇಲೆ ಅವರು ಸ್ವಲ್ಪ ಮೆತ್ತಗಾದರು. "ಶನಿವಾರ ನಾನೇ ಡಿಪೋಗೆ ಬರ್ತೀನಿ. ಎಲ್ಲರ ಮುಂದೆ ಹಾಕಿ. ಲಾಗ ಆದ್ರೆ ಬಸ್ಸು ನಿಮ್ದು. ಬಿದ್ರೆ, ಸ್ಟಿಯರಿಂಗ್ ಮರ್ತುಬಿಡಿ. ಮತ್ತೆ ನನ್ನ ಕೇಳ್ಬೇಡಿ."

ಅಲ್ಲಿಯವರೆಗೆ ಅವನನ್ನು ಮರೆತುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಪ್ರಯಾಣಿಕರು ಬಸ್ಸುಗಳಲ್ಲಿ ಬಿಟ್ಟುಹೋದದ್ದೆಲ್ಲ ಬಂದು ಸೇರುವ ಜಾಗ ಅದು. ಗೋಡೆಯುದ್ದಕ್ಕೂ ಕೊಡೆಗಳು. ಒಂಟಿ ಚಪ್ಪಲಿಗಳು. ಊಟದ ಡಬ್ಬಿಗಳು, ಒಂದು ಹಲ್ಲಿನ ಸೆಟ್ಟು, ಯಾರೋ ಸುತ್ತಿ ಕಟ್ಟಿದ ಪೂರ್ತಿ ಹಾಸಿಗೆ. ಇಷ್ಟು ದೊಡ್ಡ ಹಾಸಿಗೆ ಮರೆತು ಇಳಿದವನು ಮನೆಗೆ ಹೋಗಿ ಹೇಗೆ ಮಲಗಿದನೋ. ಹೊರಗೆ ಅವನ ಬಸ್ಸು ಅವನಿಲ್ಲದೆ ಹೊರಡುವ ಸದ್ದು ಕೇಳಿಸುತ್ತಿತ್ತು. ಆ ಎಂಜಿನ್ನಿನ ಕೆಮ್ಮು ಅವನಿಗೆ ಚೆನ್ನಾಗಿ ಗೊತ್ತು. ಅದು ಗೇಟು ದಾಟಿ ಕೇಳಿಸದಾದ ಮೇಲೂ ಅವನು ಸ್ವಲ್ಪ ಹೊತ್ತು ಕೇಳುತ್ತ ಕೂತಿರುತ್ತಿದ್ದ. ಕೊಡೆಗಳೂ ಕೇಳುತ್ತಿದ್ದಂತೆ ಇದ್ದವು.

ಪಾಳಿ ಮುಗಿಸಿ ಅವನ ಕಂಡಕ್ಟರ್ ಬಂದ. ದೊಡ್ಡ ಗಂಟಲಿನ, ಸಣ್ಣ ಮೈಯ ಮನುಷ್ಯ.

"ಅಣ್ಣಾ, ನೀನು ಬೇಗ ಬಾ. ಆ ಹೊಸಬ ಬಸ್ಸು ಓಡ್ಸೋದಲ್ಲ, ಎಸೀತಾನೆ. ಟಿಕೆಟ್ ಕೇಳೋಷ್ಟರಲ್ಲಿ ಜನ ಅವ್ರ ಸ್ಟಾಪು ದಾಟಿ ಇನ್ನೊಂದು ಊರಲ್ಲಿರ್ತಾರೆ."

"ಹೆಂಗೆ ಬರ್ಲೋ? ಲಾಗ ಬರ್ತಿಲ್ಲ."

"ಹಾಕು ನೋಡೋಣ."

ಮರೆತ ಹಾಸಿಗೆ ಬಿಚ್ಚಿ ಹಾಸಿದರು. ನಿಧಾನಪ್ಪ ಹಾಕಿದ. ಬಿದ್ದ. ಕೊಡೆಗಳು ಸಾಲಾಗಿ ಜಾರಿದವು. ಕಂಡಕ್ಟರ್ ತಲೆ ಕೆರೆದುಕೊಂಡ.

"ಅಣ್ಣಾ, ನೀನು ಎತ್ತಲಾಗೆ ನೋಡ್ತಿದೀಯ?"

"ಮುಂದೆ."

"ತಲೆ ಒಳಗೆ ಮಡಚ್ಬೇಕಲ್ವಾ?"

"ಮಡಚಿದ್ರೆ ಮುಂದೆ ಕಾಣಲ್ಲ. ಯಾರಾದ್ರೂ ಅಡ್ಡ ಬಂದ್ರೆ?"

"ಈ ಕೋಣೇಲಿ ಯಾರು ಬರ್ತಾರೆ ಅಣ್ಣಾ? ಈ ಹಲ್ಲಿನ ಸೆಟ್ಟಾ?"

"ಗೊತ್ತು ಕಣೋ. ಆದ್ರೆ ನನ್ನ ಕತ್ತು ಕೇಳಲ್ಲ. ಗಾಡಿ ಚಲಿಸ್ತಿದ್ರೆ ಕಣ್ಣು ರಸ್ತೆ ಬಿಡಬಾರ್ದು ಅಂತ ಅದಕ್ಕೆ ಕಲಿಸಿಬಿಟ್ಟಿದೀನಿ."

ಕಂಡಕ್ಟರ್ ಹಾಸಿಗೆಯ ಸುತ್ತ ಒಂದು ಸುತ್ತು ಬಂದ. ಟೈರು ನೋಡುವವನಂತೆ ಗೆಳೆಯನ ಬೆನ್ನು ತಟ್ಟಿ ನೋಡಿದ.

"ಅಣ್ಣಾ, ಇಲ್ಲಿ ಮೊದಲು ಹೋಗೋದು ನಿನ್ನ ಬೆನ್ನು. ಮುಖ ಆಮೇಲೆ ಬರುತ್ತೆ. ಹಿಂಭಾಗ ಮೊದಲು ಹೋದ್ರೆ ನಮ್ಮಲ್ಲಿ ಅದಕ್ಕೆ ಏನಂತಾರೆ?"

"ರಿವರ್ಸ್."

"ರಿವರ್ಸ್ ತೆಗೀವಾಗ ನೀನು ಹಿಂದೆ ನೋಡ್ತೀಯಾ?"

"ಇಲ್ಲ. ನೀನು ಹಿಂದೆ ನಿಂತು ಹೇಳ್ತೀಯ, ನಾನು ಬಿಡ್ತೀನಿ."

"ಮತ್ತೆ? ಕಣ್ಣು ಮುಚ್ಚು. ನಾನು ಹೇಳ್ತೀನಿ."

ಕಂಡಕ್ಟರ್ ಹಾಸಿಗೆಯ ಆ ತುದಿಗೆ ಹೋಗಿ ಗೋಡೆಯನ್ನು ಎರಡು ಸಲ ತಟ್ಟಿ ಕೂಗಿದ. "ಬರ್ಲಿ... ಬರ್ಲಿ... ಇನ್ನೂ ಬರ್ಲಿ..."

ನಿಧಾನಪ್ಪನ ಕತ್ತು ತಾನಾಗಿ ಬಾಗಿತು. ಗದ್ದ ಎದೆಗೆ ಬಂತು. ಬೆನ್ನು ದುಂಡಾಯಿತು. ಹಾಸಿಗೆ ಬೆನ್ನನ್ನು ಮಣಿಮಣಿಯಾಗಿ ಮುಟ್ಟುತ್ತ ಬಂದದ್ದು ಅವನಿಗೆ ಗೊತ್ತಾಯಿತು. ಅವನು ನಿಜಕ್ಕೂ ಉರುಳಿ ಬರುತ್ತಿರುವುದನ್ನು ಕಂಡು ಕಂಡಕ್ಟರನಿಗೇ ಗಾಬರಿಯಾಗಿ, "ಹೋಲ್ಡಾನ್!" ಎಂದುಬಿಟ್ಟ.

ಹೋಲ್ಡಾನ್ ಎಂದರೆ ನಿಲ್ಲಬೇಕು. ನಿಧಾನಪ್ಪ ನಿಂತ. ಹೆಗಲು ಹಾಸಿಗೆಯ ಮೇಲೆ, ಸೊಂಟ ಆಕಾಶಕ್ಕೆ, ಮೊಣಕಾಲು ಮೂಗಿನ ಮುಂದೆ. ಸರಿಯಾಗಿ ಆಗಲೇ ಮ್ಯಾನೇಜರ್ ಬಾಗಿಲಲ್ಲಿ ಇಣುಕಿದರು.

"ಮತ್ತೆ ಬಿದ್ರಾ?"

"ಇಲ್ಲ ಸಾರ್," ಎಂದ ನಿಧಾನಪ್ಪ ಮೊಣಕಾಲುಗಳ ನಡುವಿನಿಂದ, ಗಂಭೀರವಾಗಿ. "ನಿಲ್ಸಿದೀನಿ."

ಶನಿವಾರ ಡಿಪೋದ ಅಂಗಳದಲ್ಲಿ ಜಾತ್ರೆ. ಮೆಕ್ಯಾನಿಕ್ಕುಗಳು ಬಸ್ಸುಗಳ ಅಡಿಯಿಂದ ಎದ್ದು ಬಂದರು. ಹೊರಡಬೇಕಿದ್ದ ನಿಧಾನಪ್ಪನ ಬಸ್ಸು, ಇಂದು ಡ್ರೈವರ್ ಯಾರೆಂದು ತೀರ್ಮಾನವಾಗದ ಕಾರಣ, ತುಂಬಿದ ಪ್ರಯಾಣಿಕರೊಂದಿಗೆ ಅಂಗಳದ ಕೆಳತುದಿಯಲ್ಲಿ ನಿಂತಿತ್ತು. ಕಿಟಕಿಗೆ ಎರಡೆರಡು ತಲೆ. ಹೆಂಡತಿ, ಅತ್ತೆ, ಮಗಳು ಬಂದಿದ್ದರು. ಪೋಸ್ಟ್‌ಮಾಸ್ಟರ್ ಮನೆಯಿಂದ ಎರಡು ದಿಂಬು ತಂದಿದ್ದರು.

ಮಗಳು ಅಪ್ಪನ ತೋಳು ಎಳೆದಳು. "ಅಪ್ಪ, ನಿಂಗೆ ಬರ್ತಿತ್ತು ಅಂದ್ಯಲ್ಲ. ಮತ್ತೆ ಯಾಕಂತೆ ಪರೀಕ್ಷೆ?"

"ಬರ್ತಿರ್ಲಿಲ್ಲ ಕಣೆ," ಎಂದ. ಹೇಳಿದ ಮೇಲೆ ಹೊಟ್ಟೆ ಸ್ವಲ್ಪ ಹಗುರಾದಂತೆ ಅನಿಸಿತು. ಉರುಳಲು ಅದೂ ಒಳ್ಳೆಯದೇ.

ಅವಳು ಯೋಚಿಸಿ, "ಗದ್ದ ಒಳಗೆ" ಎಂದಷ್ಟೇ ಹೇಳಿ ಕೈಬಿಟ್ಟಳು.

ಡಾಕ್ಟರು ಕೈ ಎತ್ತಿದರು. "ಒಂದು ಮಾತು. ಯಾರೂ ಮುಟ್ಟಬಾರ್ದು, ಯಾರೂ ಹೇಳ್ಕೊಡಬಾರ್ದು. ಯಾರಾದ್ರೂ ಬಾಯಿ ಬಿಟ್ರೆ ಪರೀಕ್ಷೆ ರದ್ದು."

ಕಂಡಕ್ಟರನ ತೆರೆದ ಬಾಯಿ ತೆರೆದಂತೆಯೇ ನಿಂತಿತು.

ಇಡೀ ಅಂಗಳ ಸುಮ್ಮನಾಯಿತು. ಕೋಣೆಯಿಂದ ತಂದು ಅಂಗಳದ ಮೇಲ್ತುದಿಯಲ್ಲಿ ಹಾಸಿದ್ದ ಆ ಮರೆತ ಹಾಸಿಗೆಯ ಮೇಲೆ ನಿಧಾನಪ್ಪ ಕುಕ್ಕರಗಾಲಲ್ಲಿ ಕೂತ. ಕೈ ಊರಿದ. ಸೊಂಟ ಎತ್ತಿದ. ತಲೆ ಎತ್ತಿ ನೇರ ಮುಂದೆ ನೋಡಿದ. ಮುಂದೆ, ಇಳಿಜಾರಿನ ಕೊನೆಯಲ್ಲಿ, ಅವನ ಬಸ್ಸು. ಅದರ ಖಾಲಿ ಸೀಟು. ಖಾಲಿ ಸ್ಟಿಯರಿಂಗ್. ಕಣ್ಣು ಅಲ್ಲಿಂದ ಬಿಡಿಸಿಕೊಳ್ಳಲೇ ಒಲ್ಲದು. ಅತ್ತೆ ಒಂದು ಕಣ್ಣು ಮುಚ್ಚಿದರು. ಪೋಸ್ಟ್‌ಮಾಸ್ಟರ್ ದಿಂಬು ಗಟ್ಟಿಯಾಗಿ ಹಿಡಿದರು. ಯಾರೂ ಕೂಗುವವರಿಲ್ಲ. ಎಂದೂ ಯಾರೂ ಕೂಗದೆ ಅವನು ರಿವರ್ಸ್ ತೆಗೆದದ್ದಿಲ್ಲ.

ಆ ನಿಶ್ಶಬ್ದದಲ್ಲಿ ಒಂದು ದನಿ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಬಸ್ ಸ್ಟ್ಯಾಂಡಿಗೇ ಕೇಳುವಂತೆ.

"ಬರ್ಲಿ... ಬರ್ಲಿ..."

ಡಾಕ್ಟರು ಸರ್ರನೆ ಕಂಡಕ್ಟರನ ಕಡೆ ತಿರುಗಿದರು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಕೂಗುತ್ತಿದ್ದವನು ನಿಧಾನಪ್ಪನೇ. ತನಗೆ ತಾನೇ ದಾರಿ ಹೇಳುತ್ತ ಕಣ್ಣು ಮುಚ್ಚಿದ, ಗದ್ದ ಒಳಗೆಳೆದ, "ಇನ್ನೂ ಬರ್ಲಿ!" ಎಂದು ಎದೆಯೊಳಗೇ ಕೂಗಿಕೊಂಡು ಬೆನ್ನು ಬಿಟ್ಟ.

ಉರುಳಿದ. ಗುಂಡಗೆ, ಮೆತ್ತಗೆ, ಹಿಟ್ಟಿನ ಉಂಡೆಯಂತೆ ಉರುಳಿ ಪಾದಗಳ ಮೇಲೆ ಬಂದ. ಅಂಗಳ ಹೋ ಎಂದಿತು. ಆದರೆ ನಿಧಾನಪ್ಪ ಏಳಲಿಲ್ಲ. ಹೋಲ್ಡಾನ್ ಯಾರೂ ಅನ್ನಲಿಲ್ಲವಲ್ಲ! ಬರ್ಲಿ ಎಂದು ತನಗೆ ತಾನೇ ಹೇಳಿಕೊಳ್ಳಬಹುದು. ಹೋಲ್ಡಾನ್ ಅನ್ನುವ ಅಧಿಕಾರ ಮಾತ್ರ ಕಂಡಕ್ಟರನದು. ಇನ್ನೊಂದು ಲಾಗ ಬಿತ್ತು. ಹಾಸಿಗೆ ಮುಗಿಯಿತು, ಇಳಿಜಾರು ಶುರುವಾಯಿತು. ಮತ್ತೊಂದು. ಮಗದೊಂದು.

"ಸಾಕು! ಸಾಕು ರೀ!" ಡಾಕ್ಟರು ಪಕ್ಕದಲ್ಲಿ ಓಡತೊಡಗಿದರು.

"ನಿಲ್ಲೀ ನಿಧಾನಪ್ಪ! ಇದು ಆರ್ಡರ್!" ಮ್ಯಾನೇಜರ್ ಇನ್ನೊಂದು ಪಕ್ಕದಲ್ಲಿ.

ಪೋಸ್ಟ್‌ಮಾಸ್ಟರ್ ಮುಂದೆ ಓಡಿ ದಿಂಬು ಹಾಕಿದರು. ನಿಧಾನಪ್ಪ ದಿಂಬಿನ ಮೇಲೂ ಉರುಳಿ ಹೋದ. ಮಾರ್ಗಮಧ್ಯೆ ಒಂದು ಡೀಸೆಲ್ ಡಬ್ಬಿ ಇತ್ತು. ಅದಕ್ಕೂ ತಗುಲದೆ, ತನ್ನ ವೃತ್ತಿಜೀವನದ ಗೌರವಕ್ಕೆ ಚ್ಯುತಿ ಬಾರದಂತೆ, ಪಕ್ಕಕ್ಕೆ ಸರಿದು ಉರುಳಿದ. ಒಟ್ಟು ಎಷ್ಟು ಲಾಗ ಎಂಬ ಬಗ್ಗೆ ಡಿಪೋದಲ್ಲಿ ಇಂದಿಗೂ ಒಮ್ಮತವಿಲ್ಲ. ಅವನು ಯಾವ ಗಾಡಿಯಲ್ಲೂ ಆ ವೇಗದಲ್ಲಿ ಹೋದದ್ದಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

"ಅಯ್ಯೋ, ಯಾರಾದ್ರೂ ಅವ್ರಿಗೆ ಹೇಳ್ರೋ!" ಅತ್ತೆ ಕಂಡಕ್ಟರನ ಬೆನ್ನಿಗೆ ಗುದ್ದಿದರು.

"ಹೇಳ್ಲಾ ಸಾರ್?" ಕಂಡಕ್ಟರ್ ಬೆರಳ ಸಂದಿಯಿಂದ ಕೇಳಿದ.

"ಹೇಳಯ್ಯಾ ಮಾರಾಯ!" ಡಾಕ್ಟರು ಏದುಸಿರು ಬಿಟ್ಟರು.

"ಹೋಲ್ಡಾನ್!"

ಬಸ್ಸಿನ ಬಂಪರಿಗೆ ಒಂದು ಗೇಣು ಇರುವಾಗ ನಿಧಾನಪ್ಪ ನೆಟ್ಟಗೆ ಎದ್ದು ನಿಂತ. ಕೈಗಳು ತಾವಾಗಿ ಮೇಲೆ ಹೋದವು. ಧೂಳು ಅವನ ಸುತ್ತ ನಿಧಾನವಾಗಿ ಇಳಿಯಿತು. ಆಮೇಲೆ ಎದ್ದ ಸದ್ದಿಗೆ ಡಿಪೋದ ತಗಡಿನ ಚಾವಣಿ ನಡುಗಿತು. ಮೆಕ್ಯಾನಿಕ್ಕುಗಳು ಸ್ಪ್ಯಾನರಿಂದ ಡ್ರಮ್ಮು ಬಡಿದರು. ಹೆಂಡತಿ ಅಳುತ್ತ ನಗುತ್ತಿದ್ದಳು. ಅತ್ತೆ ಮಾತ್ರ ಪಕ್ಕದವರಿಗೆ, "ನಮ್ಮಳಿಯ. ಚಿಕ್ಕೋನಿದ್ದಾಗ ಮುಖ ತೊಳೆಯೋಕೂ ಹೀಗೇ ಹೋಗ್ತಿದ್ನಂತೆ" ಎಂದು ಹೇಳುತ್ತಿದ್ದರು.

ಡಾಕ್ಟರು ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದ್ದರು. "ತಲೆ... ತಲೆ ಸುತ್ತುತ್ತಾ?"

"ನಂಗಿಲ್ಲ ಸಾರ್. ನಿಮ್ಗೆ?"

ಡಾಕ್ಟರು ಪೋಸ್ಟ್‌ಮಾಸ್ಟರರ ಇನ್ನೊಂದು ದಿಂಬಿನ ಮೇಲೆ ಕೂತರು. ಕೂತಲ್ಲಿಂದಲೇ ಬಸ್ಸಿನ ಕಡೆ ಕೈ ತೋರಿಸಿದರು, ಹೋಗು ಎಂಬಂತೆ. ಮ್ಯಾನೇಜರ್ ತಮ್ಮ ಕೈಯಾರೆ ಡ್ರೈವರ್ ಬಾಗಿಲು ತೆಗೆದರು.

ಮಗಳು ಓಡಿ ಬಂದು ತಲೆಯೆತ್ತಿ ನೋಡಿದಳು. "ಕಾಲು ಜೋಡ್ಸಿರ್ಲಿಲ್ಲ ಅಪ್ಪ."

"ನಾಳೆ ಜೋಡಿಸ್ತೀನಿ."

"ನಾಳೆ ನಾನು ಹೇಳ್ಕೊಡ್ತೀನಿ," ಎಂದಳು ಅವಳು, ದೊಡ್ಡವರ ಹಾಗೆ.

ನಿಧಾನಪ್ಪ ಮೇಲೆ ಹತ್ತಿ ಸೀಟಿನಲ್ಲಿ ಕೂತ. ಶರ್ಟಿನ ಧೂಳು ಕೊಡವಿದ. ಸ್ಟಿಯರಿಂಗಿಗೆ ಎರಡು ಕೈ ಇಟ್ಟಾಗ ಅದು ಸ್ವಲ್ಪ ಬೆಚ್ಚಗಿತ್ತು. ಹಿಂದೆ ಪ್ರಯಾಣಿಕರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಎಂಜಿನ್ನು ಕೆಮ್ಮಿ ಎದ್ದಿತು. ಕಂಡಕ್ಟರ್ ಬಾಗಿಲಲ್ಲಿ ನೇತುಬಿದ್ದು, ಪರೀಕ್ಷೆಯ ಹೊತ್ತು ಹಿಡಿದಿಟ್ಟಿದ್ದ ಗಂಟಲನ್ನೆಲ್ಲ ಬಿಟ್ಟು, "ರೈಟ್! ರೈಟ್!" ಎಂದ.

ಮುಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ಮುಂದಕ್ಕೆ ಬಾಗಿ ಅವನ ಹೆಗಲು ತಟ್ಟಿದಳು.

"ಲಾಗ ಚೆನ್ನಾಗೇ ಹಾಕ್ದೆ ಕಣಪ್ಪ. ಬಸ್ಸನ್ನ ಮಾತ್ರ ಸೀದಾ ಓಡ್ಸು."